‘ದಿ ಬ್ಲಾಕ್’ ದಾರಿಯಲ್ಲಿ ಒಂದು ಮನೆ: ನಮ್ಮ ಖರ್ಚು, ನಮ್ಮ ಹರಾಜು

ಜೋಡಿಗಳು ಹಳೆಯ ಮನೆಗಳನ್ನು ನವೀಕರಿಸಿ ಹರಾಜಿಗಿಡುವ ಆಸ್ಟ್ರೇಲಿಯಾದ ‘ದಿ ಬ್ಲಾಕ್’ ಸ್ಪರ್ಧೆ 2003ರಲ್ಲಿ ಸಿಡ್ನಿಯ ಬೊಂಡೈನಲ್ಲಿ ಆರಂಭವಾಯಿತು. ಅದನ್ನು ನಮ್ಮದೇ ಹಣದಿಂದ ಮೆಲ್ಬರ್ನಿನ ಪಶ್ಚಿಮ ಬಡಾವಣೆಯೊಂದರಲ್ಲಿ ಮಾಡಿ ನೋಡುತ್ತೇವೆ ಎಂದಾಗ ಇಲ್ಲಿನ ಕನ್ನಡದ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಹಿಂದೆ ಪ್ರಾಯೋಜಕರಿಲ್ಲದೆ, ಮುಂದೆ ಕ್ಯಾಮೆರಾ ಇಲ್ಲದೆ ಇದು ಗಿಟ್ಟುವ ಕೆಲಸವಲ್ಲ ಎಂಬುದು ಅವರ ವಾದವಾಗಿತ್ತು. ಟಿವಿಯಲ್ಲಿಯೂ ಅದು ಯಾವಾಗಲೂ ಗಿಟ್ಟಿಲ್ಲ: 2011ರಲ್ಲಿ ಮೆಲ್ಬರ್ನಿನ ರಿಚ್ಮಂಡ್‌ನ ನಾಲ್ಕು ಮನೆಗಳಲ್ಲಿ ಹರಾಜಿನಲ್ಲಿ ಮಾರಾಟವಾದದ್ದು ಒಂದೇ, ಅದಕ್ಕೂ ರಿಸರ್ವ್ ಬೆಲೆಗಿಂತ, ಅಂದರೆ ಮಾರಲು ಮೊದಲೇ ಗೊತ್ತುಮಾಡಿದ ಕನಿಷ್ಠ ಬೆಲೆಗಿಂತ, ಹೆಚ್ಚಾಗಿ ಬಂದದ್ದು 15,000 ಡಾಲರ್ ಮಾತ್ರ.

ಅಲ್ಲಿ ಮನೆ ಕೊಂಡ ಹಣ ಜೋಡಿಯದಲ್ಲ. ರಿಸರ್ವ್ ಮೀರಿ ಬಂದದ್ದೆಲ್ಲ ಅವರ ಲಾಭ. ನಮಗೆ ಆ ಲೆಕ್ಕ ಹೊಂದುವುದಿಲ್ಲ. ಮರದ ಹಲಗೆಯ ಆ ಹಳೆಯ ಮನೆಗೆ ಕೊಟ್ಟದ್ದು ಸುಮಾರು 6,20,000 ಡಾಲರ್, ಸ್ಟ್ಯಾಂಪ್ ಡ್ಯೂಟಿ 32,000ದ ಆಸುಪಾಸು, ನವೀಕರಣಕ್ಕೆ 1,15,000, ಬಡ್ಡಿ, ವಿಮೆ, ಏಜೆಂಟರ ಕಮಿಷನ್ ಮತ್ತು ಜಾಹೀರಾತು ಎಲ್ಲ ಸೇರಿ ಇನ್ನೊಂದು 50,000. ಪೈಸೆಯ ಲೆಕ್ಕ ನನ್ನ ಪತ್ನಿಯ ಬಳಿ ಇದೆ, ಏಕೆಂದರೆ ಅವಳ ಸಹಿಯಿಲ್ಲದೆ ಒಂದು ಮೊಳೆಯನ್ನೂ ಕೊಳ್ಳಬಾರದು ಎಂಬ ಷರತ್ತಿನ ಮೇಲೆಯೇ ನಾವು ಕೆಲಸ ಹಿಡಿದದ್ದು. ಟಿವಿಯ ಜೋಡಿಗಳು ಜಗಳವಾಡುವ ಅರ್ಧ ವಿಷಯಗಳು ಇದರಿಂದಲೇ ನಮಗೆ ತಪ್ಪಿದವು.

ವಾರಕ್ಕೊಂದು ಕೋಣೆ ಮುಗಿಸುವ ಆ ಸ್ಪರ್ಧೆಯ ಪದ್ಧತಿಯನ್ನು ನಾವು ಮುಟ್ಟಲಿಲ್ಲ. ಅದು ತೀರ್ಪುಗಾರರ ಅಂಕಗಳಿಗಾಗಿ ಇರುವುದು. ನೆಲದಡಿಯಲ್ಲಿ ಮನೆಯನ್ನು ಹೊರುವ ಕೊಳೆತ ಗಿಡ್ಡ ಕಂಬಗಳಾದ ಸ್ಟಂಪ್‌ಗಳನ್ನು ಬದಲಿಸಲು ಮನೆಯನ್ನು ಎತ್ತಿದಾಗ ಗೋಡೆ ಬಿರುಕು ಬಿಡುವುದು, ಬಾಗಿಲು ಕಚ್ಚಿಕೊಳ್ಳುವುದು ಖಂಡಿತವಾದ್ದರಿಂದ, ಅದು ಮುಗಿದು ವೈರಿಂಗ್ ಮತ್ತು ಕೊಳಾಯಿ ಕೆಲಸವೂ ಪೂರ್ಣಗೊಳ್ಳುವವರೆಗೆ ಬಣ್ಣದ ಡಬ್ಬಿಯನ್ನು ತೆರೆಯಲೇ ಇಲ್ಲ. ಆದರೂ ಬಚ್ಚಲುಮನೆ ಕೈಕೊಟ್ಟಿತು. ನೀರುತಡೆಯ ಲೇಪ ಒಣಗುವ ಮೊದಲೇ ಗುತ್ತಿಗೆದಾರನು ಟೈಲ್ಸ್ ಹಾಕಿಬಿಟ್ಟಿದ್ದ. ನೀರು ಕಟ್ಟಿ ಪರೀಕ್ಷಿಸಿದಾಗ ಪಕ್ಕದ ಕೋಣೆಯ ಗೋಡೆಯ ಬುಡ ಒದ್ದೆಯಾಯಿತು. ಎಲ್ಲವನ್ನೂ ಕಿತ್ತು ಬೇರೆಯವರಿಂದ ಮಾಡಿಸಲು ಹೋದದ್ದು 6,000 ಡಾಲರ್. ಅವನಿಂದ ಮರಳಿ ಬಂದದ್ದು ಒಂದು ಕ್ಷಮಾಪಣೆಯ ಸಂದೇಶ.

ಬಿಡುವಿನಲ್ಲಿ ಹಳೆಯ ಮರದ ನೆಲದ ಮೇಲೆ ಒಂದು ಪ್ರಯೋಗವನ್ನೂ ನಡೆಸಿದೆ. ಒಂದು ಕೋಣೆಗೆ ಎಣ್ಣೆ, ಇನ್ನೊಂದಕ್ಕೆ ನೀರಿನ ಮೂಲದ ಪಾಲಿಶ್ ಹಚ್ಚಿ ಬೂಟಿನಿಂದ ತುಳಿದು ನೋಡಿದಾಗ ಎಣ್ಣೆಯ ನೆಲವನ್ನು ತೇಪೆ ಹಾಕಿ ಸರಿಪಡಿಸುವುದು ಸುಲಭವಾಯಿತು, ಫೋಟೋದಲ್ಲಿ ಮಾತ್ರ ಪಾಲಿಶ್ ನೆಲವೇ ಚೆನ್ನಾಗಿ ಕಂಡಿತು. ಮಾರುವ ಮನೆಯಾದ್ದರಿಂದ ಫೋಟೋ ಗೆದ್ದಿತು. ಗೋಡೆಯ ಬಣ್ಣವನ್ನು ಎಷ್ಟು ಮಂದಿ ಕೇಳಿದರೂ ನಾನು ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ನನಗೆ ಹೆಮ್ಮೆಯಿರುವುದು ಹಿಂದಿನ ಪುಟ್ಟ ಅಡುಗೆಮನೆಯ ಬಗ್ಗೆ. ಬಟ್ಟೆ ಒಗೆಯುವ ಕೋಣೆಯನ್ನು ಚಿಕ್ಕದಾಗಿಸಿ, ಒಗ್ಗರಣೆಯ ಘಾಟು ನೇರವಾಗಿ ಹೊರಹೋಗುವ ಫ್ಯಾನಿನೊಡನೆ ಇನ್ನೊಂದು ಒಲೆ ಇಟ್ಟೆವು. ಏಜೆಂಟ್ ಅದನ್ನು ದಂಡವೆಂದರು. ಮನೆ ನೋಡಲು ಬಂದ ಭಾರತೀಯ ಕುಟುಂಬಗಳು ಬೇರೆಲ್ಲ ಬಿಟ್ಟು ಅಲ್ಲಿಯೇ ನಿಂತವು.

ಓನರ್-ಬಿಲ್ಡರ್ ಆಗಿ, ಅಂದರೆ ತಮ್ಮ ಮನೆಯ ಕೆಲಸದ ಹೊಣೆಯನ್ನು ತಾವೇ ಹೊತ್ತು ಮಾಡಿಸಿ, ಆರೂವರೆ ವರ್ಷದೊಳಗೆ ಮಾರುವವರು ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ತಪಾಸಣಾ ವರದಿ ಕೊಡಬೇಕು, 16,000 ಡಾಲರ್ ಮೀರಿದ ಕೆಲಸಕ್ಕೆ ವಿಮೆಯನ್ನೂ ಮಾಡಿಸಬೇಕಿತ್ತು; ನಾವು ಇವೆರಡನ್ನೂ ಜಾಹೀರಾತಿಗೆ ಮೊದಲೇ ಸಿದ್ಧಪಡಿಸಿದ್ದೆವು. ರಿಸರ್ವನ್ನು 8,60,000ಕ್ಕೆ ಇಟ್ಟೆವು. ಶನಿವಾರದ ಹರಾಜಿನಲ್ಲಿ ಮೊದಲು ಯಾರೂ ಬಾಯಿ ಬಿಡದೆ, ಮಾರುವವರ ಪರವಾದ ಕೂಗೆಂದು ಘೋಷಿಸಿಯೇ ಹರಾಜುದಾರರು ಆರಂಭಿಸಬೇಕಾಯಿತು. ರಿಸರ್ವ್ ದಾಟಿದ ಮೇಲೆ ಉಳಿದವರು ಇಬ್ಬರೇ, ಇಬ್ಬರೂ ಆ ಹಿಂದಿನ ಒಲೆಯನ್ನು ಹಚ್ಚಿ ನೋಡಿದ್ದವರು. 9,10,000ದ ಹತ್ತಿರ ಸುತ್ತಿಗೆ ಬಿದ್ದಿತು.

ಟಿವಿಯ ಲೆಕ್ಕದಲ್ಲಿ 50,000 ಲಾಭ, ನಮ್ಮ ಲೆಕ್ಕದಲ್ಲಿ ತೆರಿಗೆಗೆ ಮೊದಲು 90,000ದಷ್ಟು. ಮಾರುವ ಉದ್ದೇಶದಿಂದಲೇ ಕೊಂಡ ಮನೆಯಾದ್ದರಿಂದ ಆ ಲಾಭವನ್ನು ಸಾಮಾನ್ಯ ಆದಾಯವೆಂದೇ ತೋರಿಸಬೇಕೆಂದು ನಮ್ಮ ಅಕೌಂಟೆಂಟ್ ಮೊದಲೇ ತಿಳಿಸಿದ್ದರು; ಮೂರನೆಯ ಒಂದು ಭಾಗವನ್ನು ಬದಿಗಿಟ್ಟು, ಉಳಿದದ್ದನ್ನು ಮುಂದಿನ ಮನೆಯ ಮುಂಗಡಕ್ಕೆ ತೆಗೆದಿರಿಸಿದ್ದೇವೆ.