ಚೆಂಡು ಬಿಡದ ಮಕ್ಕಳು ಮತ್ತು ರಸೆಲ್ ಲಟಾಪಿ

ನಾನಿರುವುದು ಟ್ರಿನಿಡಾಡಿನ ಕೂವಾದಲ್ಲಿ, ಪಾಯಿಂಟ್ ಲೀಸಾಸ್ ಕಾರ್ಖಾನೆಗಳ ಪಕ್ಕ. ವಾರವಿಡೀ ಕೆಲಸ, ಶನಿವಾರ ಬಡಾವಣೆಯ ಮಕ್ಕಳಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ನಾನು ಕಲಿಸುವ ರೀತಿ ಪೂರ್ತಿ ಒಬ್ಬ ಆಟಗಾರನನ್ನು ನೋಡಿ ರೂಪಿಸಿಕೊಂಡದ್ದು.

ರಸೆಲ್ ಲಟಾಪಿ 1968ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಹುಟ್ಟಿದವರು. ಕುಳ್ಳಗಿನ ಆಳು. ಅಭಿಮಾನಿಗಳಿಗೆ ಅವರು ‘ಪುಟ್ಟ ಮಾಂತ್ರಿಕ’. ಪೋರ್ಚುಗಲ್‌ನ ಪೋರ್ಟೊ ತಂಡದಲ್ಲಿ ಬಾಬಿ ರಾಬ್ಸನ್ ಅವರ ಕೈಕೆಳಗೆ ಆಡಿ 1995, 1996ರಲ್ಲಿ ಲೀಗ್ ಗೆದ್ದರು. ಆಮೇಲೆ ಸ್ಕಾಟ್‌ಲೆಂಡಿನ ಹಿಬರ್ನಿಯನ್, ರೇಂಜರ್ಸ್, ಫಾಲ್ಕರ್ಕ್. ಬೂಟು ಕಳಚಿಟ್ಟ ಮೇಲೆ ಕೋಚ್ ಆದರು. ಟ್ರಿನಿಡಾಡಿನ ಹಿರಿಯರ ತಂಡ, ಕಿರಿಯರ ತಂಡ, ಬಾರ್ಬಡೋಸ್ ತಂಡ, ಎಲ್ಲವನ್ನೂ ನೋಡಿಕೊಂಡರು.

ಇಲ್ಲಿ ಗಲ್ಲಿಗಳಲ್ಲಿ ಆಡುವ ಆಟಕ್ಕೆ ‘ಸ್ಮಾಲ್ ಗೋಲ್’ ಅಂತಾರೆ. ಎರಡು ಕಲ್ಲಿಟ್ಟರೆ ಗೋಲ್ ಆಯಿತು. ಗೋಲ್‌ಕೀಪರ್ ಇಲ್ಲ. ಗೋಲ್ ಅಷ್ಟು ಚಿಕ್ಕದಾದ್ದರಿಂದ ದೂರದಿಂದ ಒದ್ದು ಉಪಯೋಗವಿಲ್ಲ. ಹತ್ತಿರ ಹೋಗಲೇಬೇಕು, ಹೋಗಬೇಕೆಂದರೆ ಎದುರಿಗಿದ್ದವನನ್ನು ದಾಟಲೇಬೇಕು. ಲಟಾಪಿ ಅವರ ಹಳೇ ಪಂದ್ಯಗಳಲ್ಲಿ ನನಗೆ ಕಾಣುವುದು ಇದೇ ಆಟ. ಇಕ್ಕಟ್ಟಾದಷ್ಟೂ ಅವರಿಗೆ ಹುಮ್ಮಸ್ಸು ಜಾಸ್ತಿ.

ಅದಕ್ಕೇ ನನ್ನ ಅಭ್ಯಾಸದ ಮುಕ್ಕಾಲು ಪಾಲು ಮೂವರಿಗೆ ಮೂವರ ಆಟ. ಹನ್ನೆರಡು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಜಾಗ, ಅಷ್ಟೇ. ಒಬ್ಬನನ್ನು ದಾಟಿ ಹೊಡೆದ ಗೋಲಿಗೆ ಎರಡು ಅಂಕ. ಜೂನ್‌ನಿಂದ ಡಿಸೆಂಬರ್ ತನಕ ಮಳೆಗಾಲ. ಮೈದಾನ ಕೆಸರಾದರೆ ಪಕ್ಕದ ಸಿಮೆಂಟ್ ಅಂಗಳಕ್ಕೆ ಹೋಗುತ್ತೇವೆ. ಚೆಂಡು ಅಲ್ಲಿ ಇನ್ನೂ ಜೋರಾಗಿ ಓಡುತ್ತದೆ, ಕಾಲು ಚುರುಕಾಗುತ್ತದೆ.

ಬೆನ್ನ ಹಿಂದೆ ಎದುರಾಳಿ ಇದ್ದಾಗ ಏನು ಮಾಡಬೇಕು? ಇದಕ್ಕೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ. ಚೆಂಡು ಬರುವ ಮೊದಲೇ ಹೆಗಲ ಮೇಲಿಂದ ಒಮ್ಮೆ ಹಿಂದೆ ನೋಡಬೇಕು. ಪೂರ್ತಿ ಬೆನ್ನು ಹಾಕದೆ ಓರೆಯಾಗಿ ನಿಲ್ಲಬೇಕು. ಎದುರಾಳಿ ಎಲ್ಲಿದ್ದಾನೆಂದು ಮುಂಗೈಯಿಂದ ತಿಳಿದುಕೊಳ್ಳಬೇಕು, ತಳ್ಳಬಾರದು. ಚೆಂಡನ್ನು ಅಂಗಾಲಿನಿಂದ ಒಂದು ಗೇಣು ಎಳೆದು, ಅವನು ಕಾಲು ಚಾಚಿದ ತಕ್ಷಣ ಇನ್ನೊಂದು ಕಡೆಗೆ ತಿರುಗಬೇಕು. ನಮ್ಮಲ್ಲಿ ಎಲ್ಲರಿಗಿಂತ ಗಿಡ್ಡಗಿರುವ ಹುಡುಗಿ ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಾಳೆಂದರೆ, ದೊಡ್ಡ ಹುಡುಗರು ಅವಳ ಹತ್ತಿರ ಹೋಗಲು ಯೋಚಿಸುತ್ತಾರೆ.

ಗೆರೆಯಾಚೆ ನಿಂತ ಅಪ್ಪಂದಿರು “ಪಾಸ್ ಮಾಡು, ಪಾಸ್ ಮಾಡು” ಅಂತ ಕೂಗುತ್ತಾರೆ. ದಯವಿಟ್ಟು ಸುಮ್ನಿರಿ ಅಂತ ಕೇಳಿಕೊಳ್ಳುತ್ತೇನೆ. ಹತ್ತು ವರ್ಷದ ಮಗು ಚೆಂಡು ಇಟ್ಟುಕೊಳ್ಳುವುದು ಸ್ವಾರ್ಥವಲ್ಲ, ಕಲಿಕೆ. ಪಾಸ್ ಆಮೇಲೆ ಹೇಳಿಕೊಡಬಹುದು. ಆ ಧೈರ್ಯ ಒಮ್ಮೆ ಹೋದರೆ ಮತ್ತೆ ತರುವುದು ಬಹಳ ಕಷ್ಟ.

ಆಯ್ಕೆಯಲ್ಲಿ ಹೆಸರು ಬರದ ಮಕ್ಕಳು ಅಳುತ್ತಾರೆ, ಅಳದೆ ಇರ್ತಾರಾ? ಅವರಿಗೆ 1989ರ ನವೆಂಬರ್ 19ರ ಕಥೆ ಹೇಳುತ್ತೇನೆ. ಅವತ್ತು ಅಮೆರಿಕದ ವಿರುದ್ಧದ ಅರ್ಹತಾ ಪಂದ್ಯ ಡ್ರಾ ಆಗಿದ್ದರೂ ಟ್ರಿನಿಡಾಡ್ ವಿಶ್ವಕಪ್‌ಗೆ ಹೋಗುತ್ತಿತ್ತು. ಅಮೆರಿಕದ ಪಾಲ್ ಕಲಿಜುರಿ ಹೊಡೆದ ಒಂದೇ ಗೋಲಿಗೆ, ನಮ್ಮದೇ ಪೋರ್ಟ್ ಆಫ್ ಸ್ಪೇನ್‌ನ ಕ್ರೀಡಾಂಗಣದಲ್ಲಿ ಎಲ್ಲ ಮುಗಿಯಿತು. ಲಟಾಪಿಗೆ ಆಗ 21 ವರ್ಷ. ಅವರು ವಿಶ್ವಕಪ್ ಮೈದಾನಕ್ಕೆ ಇಳಿದದ್ದು 2006ರಲ್ಲಿ, ಪರಾಗ್ವೆ ವಿರುದ್ಧ ಬದಲಿ ಆಟಗಾರನಾಗಿ, 37ನೇ ವಯಸ್ಸಿನಲ್ಲಿ. ಮಕ್ಕಳು ಮೊದಲು ಲೆಕ್ಕ ಹಾಕುತ್ತಾರೆ, ಆಮೇಲೆ “ಗೋಲ್ ಹೊಡೆದ್ರಾ?” ಅಂತ ಕೇಳುತ್ತಾರೆ. ಹೊಡೆಯಲಿಲ್ಲ, ಆ ಪಂದ್ಯವನ್ನೂ ಟ್ರಿನಿಡಾಡ್ 0–2ರಿಂದ ಸೋತಿತು ಅಂತ ಇದ್ದದ್ದನ್ನೇ ಹೇಳುತ್ತೇನೆ.

ಮಳೆ ನಿಂತ ಮೇಲೆ ದೊಡ್ಡ ಮಕ್ಕಳಿಗೆ ಐವರ ಆಟ ಶುರು ಮಾಡಬೇಕೆಂದಿದ್ದೇನೆ. ಗೋಲ್ ಮಾತ್ರ ಚಿಕ್ಕದೇ ಇರುತ್ತದೆ.