ನಾನು ‘ಇಸಂಟ್ ಇಟ್’ ಬಿಟ್ಟದ್ದು ಹೇಗೆ

ಕೊಚ್ಚಿಯಲ್ಲಿ ಒಂದು ಕಂಪನಿಯ ಇಂಟರ್‌ವ್ಯೂ. ನನ್ನ ಊರು ಕಾಸರಗೋಡಿನ ಬದಿಯಡ್ಕದ ಹತ್ತಿರ, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಅನ್ನೋದನ್ನು ನೋಡಿದ ಮೇಡಂ ‘ಯೂ ಡೋಂಟ್ ನೋ ಮಲಯಾಳಂ, ಡೂ ಯೂ?’ ಅಂತ ಕೇಳಿದರು. ನಾನು ಧೈರ್ಯವಾಗಿ ‘ಯೆಸ್’ ಅಂದೆ. ನನ್ನ ತಲೆಯಲ್ಲಿದ್ದದ್ದು ‘ಹೌದು, ಬರುವುದಿಲ್ಲ’. ಅವರಿಗೆ ಕೇಳಿಸಿದ್ದು ‘ಬರುತ್ತದೆ’. ಅಲ್ಲಿಂದ ಮುಂದೆ ಎಲ್ಲ ಪ್ರಶ್ನೆಯೂ ಮಲಯಾಳದಲ್ಲೇ! ನನಗೆ ಬರುವುದು ಪೇಟೆಯಲ್ಲಿ ಮೀನು ಕೊಳ್ಳುವಷ್ಟು ಮಲಯಾಳ. ಕೆಲಸ ಸಿಗಲಿಲ್ಲ, ಬಿಡಿ.

ರೈಲಿನಲ್ಲಿ ವಾಪಸ್ ಬರುವಾಗ ಯೋಚಿಸಿದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. ಅತ್ತಾ, ಅಲ್ವಾ, ಅಲ್ಲೇ. ಮೂರು ಭಾಷೆಗೂ ಮಾತಿನ ಕೊನೆಗೆ ಒಂದೊಂದೇ ಬಾಲ, ಯಾರು ಮಾಡಿದರು, ಯಾವಾಗ ಮಾಡಿದರು ಎಂಬ ಗೊಡವೆಯೇ ಇಲ್ಲ. ಅದೇ ಚಾಳಿಯಲ್ಲಿ ಇಂಗ್ಲಿಷಿಗೂ ಎಲ್ಲದಕ್ಕೂ ‘ಇಸಂಟ್ ಇಟ್’ ಅಂಟಿಸುತ್ತಿದ್ದೆ.

ಆಮೇಲೆ ಕೇರಳ ಪಿಎಸ್‌ಸಿಗೆ ಓದುವಾಗ ಈ ಬಾಲ, ಅಂದರೆ ಕ್ವೆಶ್ಚನ್ ಟ್ಯಾಗ್, ಮತ್ತೆ ಎದುರಾಯಿತು. ಅಲ್ಲಿ ತಪ್ಪು ಬರೆದರೆ ಅಂಕವೂ ಕಟ್. ಗೈಡಿನ ನಿಯಮಗಳನ್ನು ಬಾಯಿಪಾಠ ಮಾಡಿ ಪ್ರಯೋಜನ ಆಗಲಿಲ್ಲ. ನನಗೆ ದಕ್ಕಿದ್ದು ಒಂದೇ ಉಪಾಯ: ಮೊದಲು ಆ ವಾಕ್ಯವನ್ನೇ ಪ್ರಶ್ನೆ ಮಾಡಿ ನೋಡುವುದು. ‘ಶಿ ಸೆಲ್ಸ್ ಅರೆಕಾನಟ್’ ಅನ್ನುವುದನ್ನು ಪ್ರಶ್ನೆ ಮಾಡಿದರೆ ‘ಡಸ್ ಶಿ ಸೆಲ್’ ಆಗುತ್ತದೆ. ಮುಂದೆ ಬಂದು ನಿಂತಿತಲ್ಲ, ಆ ‘ಡಸ್ ಶಿ’ಯೇ ಬಾಲ. ವಾಕ್ಯದಲ್ಲಿ ‘ನಾಟ್’ ಇಲ್ಲದಿದ್ದರೆ ಬಾಲಕ್ಕೆ ಹಾಕಬೇಕು, ಇದ್ದರೆ ಬಾಲಕ್ಕೆ ಬೇಡ. ಹಾಗಾಗಿ ‘ಡಸಂಟ್ ಶಿ?’. ಸಂಜೆ ಅಡಿಕೆ ಸುಲಿಯುತ್ತಾ ಕೂತಾಗ ಮನೆಯವರು ಆಡುವ ಒಂದೊಂದು ಮಾತನ್ನೂ ಮನಸ್ಸಲ್ಲೇ ಇಂಗ್ಲಿಷಿಗೆ ತಿರುಗಿಸಿ ಬಾಲ ಹಚ್ಚುತ್ತಿದ್ದೆ, ನನ್ನ ತುಟಿ ಅಲ್ಲಾಡುವುದು ನೋಡಿ ಅಮ್ಮ ನಾನು ಏನೋ ಹರಕೆ ಹೊತ್ತಿದ್ದೇನೆ ಅಂದುಕೊಂಡಿದ್ದರಂತೆ.

ಆದರೂ ಕೆಲವು ಕಡೆ ಜಾರುತ್ತದೆ. ‘ಹಿ ಪುಟ್ ಇಟ್ ಹಿಯರ್’ಗೆ ನಾನು ಎರಡು ಸಲ ‘ಡಸಂಟ್ ಹಿ’ ಗುರುತು ಹಾಕಿ ಬಂದಿದ್ದೇನೆ. ವಾಕ್ಯದಲ್ಲಿ ‘ಪುಟ್ಸ್’ ಅಂತ ಇಲ್ಲ, ಅಂದರೆ ಅದು ಆಗಿಹೋದ ಕೆಲಸ, ‘ಡಿಡಂಟ್ ಹಿ’ ಬರಬೇಕು. ‘ಹಾರ್ಡ್ಲಿ’, ‘ಸೆಲ್ಡಮ್’, ‘ನೆವರ್’ ಕಂಡರೆ ‘ನಾಟ್’ ಇದ್ದ ಲೆಕ್ಕವೇ: ‘ಹಿ ಹಾರ್ಡ್ಲಿ ಈಟ್ಸ್, ಡಸ್ ಹಿ?’. ‘ಫ್ಯೂ ಪೀಪಲ್ ಕೇಮ್’ಗೆ ‘ಡಿಡ್ ದೇ’, ‘ಫ್ಯೂ’ಗೆ ಮೊದಲು ಒಂದು ‘ಎ’ ಬಂದರೆ ‘ಡಿಡಂಟ್ ದೇ’. ಇಷ್ಟು ಸಣ್ಣ ಅಕ್ಷರ, ಎಷ್ಟು ಉಪದ್ರ ನೋಡಿ! ‘ಐ ಆಮ್’ಗೆ ‘ಆರಂಟ್ ಐ’, ‘ಲೆಟ್ಸ್’ಗೆ ‘ಶಲ್ ವಿ’. ಯಾಕೆ ಅಂತ ಕೇಳಬೇಡಿ, ಸುಮ್ನೆ ನೆನಪಿಟ್ಟುಕೊಳ್ಳಿ.

ಮಾತಾಡುವಾಗ ರಾಗವೂ ಮುಖ್ಯ. ಕೊನೆಗೆ ದನಿ ಏರಿದರೆ ನಿಜವಾಗಿ ಕೇಳುತ್ತಿದ್ದಾರೆ ಅಂತ. ಇಳಿದರೆ ಸುಮ್ನೆ ‘ಹೌದು’ ಅನ್ನಿಸಿಕೊಳ್ಳಲಿಕ್ಕೆ.

ಉತ್ತರ ಹೇಳುವುದು ಮಾತ್ರ ನನಗೆ ಇವತ್ತಿಗೂ ಕಷ್ಟ. ನಾವು ಎದುರಿನವರ ಮಾತು ಸರಿಯಾಗಿದ್ದರೆ ‘ಹೌದು’ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಅವರು ಹೇಗೆ ಕೇಳಿದರೂ ಅಷ್ಟೇ, ಮಲಯಾಳ ಬರದಿದ್ದರೆ ‘ನೋ’. ಅದಕ್ಕೇ ನಾನು ಬರೀ ‘ಯೆಸ್’, ‘ನೋ’ ಹೇಳುವುದನ್ನು ಬಿಟ್ಟು ‘ನೋ, ಐ ಡೋಂಟ್’ ಅಂತ ಪೂರ್ತಿ ಹೇಳುತ್ತೇನೆ.

ಮೊನ್ನೆ ಟ್ಯೂಷನ್ನಿಗೆ ಬರುವ ಹುಡುಗಿಗೆ ‘ಯೂ ಡಿಡಂಟ್ ಡೂ ಯುವರ್ ಹೋಂವರ್ಕ್, ಡಿಡ್ ಯೂ?’ ಅಂತ ಕೇಳಿದೆ. ‘ಯೆಸ್ ಸರ್’ ಅಂದಳು. ಪುಸ್ತಕ ತೆರೆದು ನೋಡಿದರೆ ಖಾಲಿ.