ಡ್ರಾಯಿಂಗ್ ಶೀಟಿನಲ್ಲಿ ಮಾತಿನ ಹಲಗೆ

ಮೋಟಾರ್ ನ್ಯೂರಾನ್ ಕಾಯಿಲೆ (ಸ್ನಾಯುಗಳನ್ನು ಆಡಿಸುವ ನರಕೋಶಗಳು ನಶಿಸುವ ರೋಗ) ಬಂದವರಲ್ಲಿ, ಕೆಲವು ಬಗೆಯ ಪಾರ್ಶ್ವವಾಯುವಿನಲ್ಲಿ ನಾಲಿಗೆ ಹೊರಳದಿದ್ದರೂ ಬುದ್ಧಿ ಚುರುಕಾಗಿಯೇ ಇರಬಹುದು. ಅಂಥವರು ಮಾತಾಡಲು ದುಬಾರಿ ಯಂತ್ರಕ್ಕೆ ಕಾಯಬೇಕಿಲ್ಲ. ಒಂದೊಂದೇ ಅಕ್ಷರ ಆರಿಸಿ ಮಾತು ಕಟ್ಟುವ ಹಲಗೆಯನ್ನು ಡ್ರಾಯಿಂಗ್ ಶೀಟಿನಲ್ಲೇ ಮಾಡಿಕೊಳ್ಳಬಹುದು. 1985ರಲ್ಲಿ ದನಿ ಕಳೆದುಕೊಂಡ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್, ಕಂಪ್ಯೂಟರ್ ಸಿಗುವವರೆಗೆ ಅಕ್ಷರದ ಕಾರ್ಡಿನಲ್ಲಿ ಸರಿಯಾದ ಅಕ್ಷರ ತೋರಿಸಿದಾಗ ಹುಬ್ಬೇರಿಸಿಯೇ ಮಾತಾಡುತ್ತಿದ್ದರು. ನಮಗಂತೂ ವರ್ಣಮಾಲೆ ಮೊದಲೇ ಸಾಲಾಗಿ ಜೋಡಿಸಿಟ್ಟಿದೆ.

ಮೊದಲು ‘ಹೌದು’, ‘ಇಲ್ಲ’ ಗಟ್ಟಿಯಾಗಲಿ. ಕಣ್ಣು ಮೇಲೆತ್ತಿದರೆ ಹೌದು, ಬಿಗಿಯಾಗಿ ಮುಚ್ಚಿದರೆ ಇಲ್ಲ. ಅವರಿಗೆ ಸುಲಭವಾದದ್ದನ್ನೇ ಆರಿಸಿ. ಉತ್ತರ ಗೊತ್ತಿರುವ ಪ್ರಶ್ನೆ ಕೇಳಿ ಪರೀಕ್ಷಿಸಿ. ಗುರುತನ್ನು ಮಂಚದ ತಲೆದಿಕ್ಕಿನ ಗೋಡೆಗೆ ಬರೆದು ಅಂಟಿಸಿ. ರಾತ್ರಿ ಪಾಳಿಯ ನರ್ಸಿಗೂ ತಿಳಿಯಬೇಕಲ್ಲ.

ಈಗ ಶೀಟಿನಲ್ಲಿ ದಪ್ಪ ಮಾರ್ಕರಿನಿಂದ ಎಂಟು ಸಾಲು:

1. ಅ ಆ ಇ ಉ ಎ ಒ
2. ಕ ಗ
3. ಚ ಜ
4. ಟ ಡ ಣ
5. ತ ದ ನ
6. ಪ ಬ ಮ
7. ಯ ರ ಲ ವ
8. ಶ ಸ ಹ ಳ

ಮಹಾಪ್ರಾಣ, ಒತ್ತಕ್ಷರ, ಕಾಗುಣಿತ ಬೇಡ. ವ್ಯಾಕರಣದ ಮೇಷ್ಟ್ರು ಮುನಿಸಿಕೊಳ್ಳಲಿ, ರೋಗಿಗೆ ಆಯಾಸ ತಪ್ಪುತ್ತದೆ. ಪಕ್ಕದಲ್ಲಿ ‘ನೋವು’, ‘ತಪ್ಪಾಯ್ತು, ಮೊದಲಿಂದ’, ‘ಇದರಲ್ಲಿಲ್ಲ’ ಎಂದು ಮೂರು ಚೌಕ ಬಿಡಿ.

ಕೇಳುವ ಕ್ರಮ ಹೀಗೆ. ‘ಒಂದನೇ ಸಾಲಾ? ಎರಡನೇದಾ?’ ಎನ್ನುತ್ತಾ ಪ್ರತಿ ಸಲ ಉತ್ತರಕ್ಕೆ ಸ್ವಲ್ಪ ಕಾಯಿರಿ. ಐದಕ್ಕೆ ಕಣ್ಣು ಮೇಲೆದ್ದರೆ ‘ತ? ದ?’ ಎಂದು ಅದೇ ಸಾಲಿನಲ್ಲಿ ಹೋಗಿ. ‘ದ’ ಸಿಕ್ಕಿತು, ಬರೆದಿಟ್ಟುಕೊಳ್ಳಿ. ಮುಂದೆ ಆರನೇ ಸಾಲಿನ ‘ಬ’. ‘ದಿಂಬಾ?’ ಹೌದು. ಅಷ್ಟಕ್ಕೇ ಇನ್ನೊಂದು ದಿಂಬು ತುರುಕಬೇಡಿ. ‘ಬೇಕಾ, ತೆಗೀಲಾ?’ ಎಂದೂ ಕೇಳಿ. ಅವಸರದ ಊಹೆ ಈ ಹಲಗೆಯ ದೊಡ್ಡ ಶತ್ರು.

ಅವರ ಕೈ ಹಿಡಿದು ನೀವೇ ಅಕ್ಷರದತ್ತ ಒಯ್ಯುವುದು ಖಂಡಿತ ಬೇಡ. ಮಾತು ಅವರದೋ ನಿಮ್ಮದೋ ತಿಳಿಯದಂತಾಗುತ್ತದೆ. ಕಣ್ಣು ಚೆನ್ನಾಗಿ ಹೊರಳುವವರಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಅಂಚಿನಲ್ಲಿ ಅಕ್ಷರದ ಗುಂಪುಗಳನ್ನು ದೂರದೂರ ಬರೆದು, ಇಬ್ಬರ ನಡುವೆ ಹಿಡಿದು, ನೋಟ ಎತ್ತ ಎಂದು ಓದಬಹುದು.

ಪಾರ್ಶ್ವವಾಯುವಿನಿಂದ ಪದವೇ ಹೊಳೆಯದಂತಾದವರಿಗೆ (ಅಫೇಸಿಯಾ) ಅಕ್ಷರ ಒಗ್ಗುವುದು ಕಷ್ಟ. ಅವರಿಗೆ ಮನೆಯ ಲೋಟ, ಮಾತ್ರೆ, ಮೊಮ್ಮಕ್ಕಳ ಫೋಟೊಗಳ ಹಲಗೆ ಮಾಡಿ. ಯಾವುದು ಹೊಂದುತ್ತದೆ, ಚಿತ್ರ ಒತ್ತಿದರೆ ಮಾತಾಡುವ ಅವಾಜ್‌ನಂಥ ಆ್ಯಪ್ ಬೇಕೇ ಎಂಬುದನ್ನು ಸ್ಪೀಚ್ ಥೆರಪಿಸ್ಟ್ ನೋಡಿಯೇ ಹೇಳಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋಗುವಾಗ ನಿಮ್ಮ ಹಲಗೆಯನ್ನೂ ಒಯ್ಯಿರಿ.